ಮಲ್ಲಿಗೆಗೆ ಕಡ್ಡಿ, ಮಾಧವಿಗೆ ಬೀಜ

ಬಳ್ಳಿ ಬೆಳೆಸುವ ಆಸೆಯಿಂದ ಬರುವವರು ಮೊದಲು ಕೇಳುವ ಪ್ರಶ್ನೆ ಸಾಮಾನ್ಯವಾಗಿ ಒಂದೇ: ‘ಮೇಷ್ಟ್ರೇ, ಮಲ್ಲಿಗೆ ಬೀಜ ಎಲ್ಲಿ ಸಿಗುತ್ತೆ?’ ಕೇಳುವವರ ತಪ್ಪೇನೂ ಇಲ್ಲ. ಬೆಂಗಳೂರಿನ ಹಳೇ ಬಡಾವಣೆಗಳಲ್ಲಿ ಇರುವವರಿಗೆ ಪರಿಮಳದ ಬಳ್ಳಿ ಎಂದೊಡನೆ ನೆನಪಾಗುವುದು ಮಲ್ಲಿಗೆಯೇ. ಗಾಂಧಿ ಬಜಾರಿನಲ್ಲಿ, ಮಲ್ಲೇಶ್ವರದ ಎಂಟನೇ ಕ್ರಾಸಿನಲ್ಲಿ ಮೊಳ ಹಾಕಿ ಕೊಡುವ ಹೂವು ಅದು. ಚೈತ್ರ ಹುಣ್ಣಿಮೆಯ ರಾತ್ರಿ ಧರ್ಮರಾಯನ ಗುಡಿಯಿಂದ ಹೊರಡುವ ಕರಗವನ್ನು ಮುಚ್ಚುವುದೂ ಅದೇ ಹೂವು. ಆ ಕರಗವನ್ನು ಹೊರುವ ತಿಗಳರು ತಲೆಮಾರುಗಳಿಂದ ಈ ಊರಿನ ತೋಟಗಾರಿಕೆಯನ್ನು ನಡೆಸಿಕೊಂಡು ಬಂದ ಜನ. ಇಂಥ ಊರಿನಲ್ಲಿ ಮಲ್ಲಿಗೆ ಬೀಜ ಸಿಗದೆ ಇರುತ್ತದೆಯೇ ಎಂದು ಯಾರಿಗಾದರೂ ಅನ್ನಿಸುತ್ತದೆ.

ಸಿಗುವುದಿಲ್ಲ. ದುಂಡುಮಲ್ಲಿಗೆಯ ಚಿತ್ರ ಹಾಕಿ ‘ಮಲ್ಲಿಗೆ ಬೀಜ’ ಎಂದು ಮಾರುವ ಪೊಟ್ಟಣ ಕಂಡರೆ ಕೊಳ್ಳಬೇಡಿ. ಯಾಕೆ ಎಂಬುದು ತಿಳಿದರೆ ಬೀಜದ ಪಾಠ ಅರ್ಧ ಮುಗಿದಂತೆ. ಅಲ್ಲಿಂದಲೇ ಶುರು ಮಾಡೋಣ.

ಹೂವಿನಿಂದ ಬೀಜ ಆಗಬೇಕಾದರೆ ಕೇಸರದಲ್ಲಿ ಪರಾಗ ಇರಬೇಕು, ಅದು ಶಲಾಕೆಯ ತುದಿಗೆ ತಲುಪಬೇಕು, ತಲುಪಿದ ಪರಾಗವನ್ನು ಹೂವು ಒಪ್ಪಿಕೊಳ್ಳಬೇಕು. ಎಸಳು ಹೆಚ್ಚಾಗಿರಲಿ, ಹೂವು ತುಂಬಿಕೊಂಡಿರಲಿ ಎಂದು ಮನುಷ್ಯರು ಆರಿಸುತ್ತಾ ಬಂದ ಸುತ್ತುಮಲ್ಲಿಗೆಯಂಥ ತಳಿಗಳಲ್ಲಿ ಕೇಸರಗಳೇ ಎಸಳಾಗಿಬಿಟ್ಟಿವೆ. ಒಂದು ಹೂವನ್ನು ಬಿಡಿಸಿ ನೋಡಿ, ಪರಾಗ ಹುಡುಕಬೇಕಾಗುತ್ತದೆ. ಜಾಜಿಯ ಕಥೆ ಇನ್ನೂ ಸ್ವಾರಸ್ಯದ್ದು. ಅದರಲ್ಲಿ ಎರಡು ಬಗೆಯ ಗಿಡಗಳಿವೆ. ಒಂದರ ಹೂವಿನಲ್ಲಿ ಶಲಾಕೆ ಉದ್ದವಾಗಿ ಬಾಯಿಯ ತನಕ ಬಂದಿರುತ್ತದೆ, ಕೇಸರಗಳು ಕೊಳವೆಯೊಳಗೆ ಕೆಳಗೆ ಅಡಗಿರುತ್ತವೆ. ಇನ್ನೊಂದರಲ್ಲಿ ಇದು ತಿರುವುಮುರುವು. ಮಲ್ಲಿಗೆಯ ಕುಲದ ಹಲವು ಬಳ್ಳಿಗಳಲ್ಲಿ ಈ ವ್ಯವಸ್ಥೆ ಇದೆ. ಒಂದು ಬಗೆಯ ಪರಾಗ ಇನ್ನೊಂದು ಬಗೆಯ ಹೂವಿಗೆ ಹೋದರೆ ಕಾಯಿ ಚೆನ್ನಾಗಿ ಕಟ್ಟುತ್ತದೆ, ತನ್ನ ಬಗೆಯ ಹೂವಿಗೇ ಹೋದರೆ ಕಟ್ಟುವುದು ಅಪರೂಪ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯವರು ಬಿಡುಗಡೆ ಮಾಡಿದ ‘ಅರ್ಕಾ ಸುರಭಿ’ ಎಂಬ ಜಾಜಿ, ಉದ್ದ ಶಲಾಕೆಯ ಬಗೆಯದು. ಒಂದು ಬೀದಿಯ ಜಾಜಿಗಳೆಲ್ಲ ಒಂದೇ ತಾಯಿಬಳ್ಳಿಯ ಕಡ್ಡಿಗಳಾಗಿದ್ದರೆ, ಬೀದಿಗೆ ಬೀದಿಯೇ ಒಂದೇ ಬಗೆಯದಾಗಿರುತ್ತದೆ. ಹೂವು ಎಷ್ಟು ಬಿಟ್ಟರೂ ಕಾಯಿ ಕಟ್ಟುವುದಿಲ್ಲ.

ಹೀಗಾಗಿ ಮಲ್ಲಿಗೆ, ಜಾಜಿ, ಕಾಕಡಗಳು ಕೈಯಿಂದ ಕೈಗೆ ಕಡ್ಡಿಯಾಗಿಯೇ ಬಂದಿವೆ. ಭೌಗೋಳಿಕ ಗುರುತು ಪಡೆದ ಮೈಸೂರು, ಹಡಗಲಿ, ಉಡುಪಿ ಮಲ್ಲಿಗೆಗಳೂ ಹೀಗೆ ಬಂದವೇ. ನಿಮಗೆ ಮಲ್ಲಿಗೆ ಬೇಕಿದ್ದರೆ ಬೀಜ ಹುಡುಕದೆ, ಮಳೆ ಹಿಡಿದ ಮೇಲೆ ಪಕ್ಕದ ಮನೆಯ ಅಜ್ಜಿಯನ್ನು ಕೇಳಿ. ಪೆನ್ಸಿಲ್ ದಪ್ಪದ, ನಾಲ್ಕು ಗೆಣ್ಣಿರುವ ಕಡ್ಡಿಗಳನ್ನು ತಂದು ಎರಡು ಗೆಣ್ಣು ಮಣ್ಣಿನೊಳಗಿರುವಂತೆ ನೆರಳಲ್ಲಿ ನೆಡಿ. ಅಥವಾ ಬಳ್ಳಿಯ ಒಂದು ಕವಲನ್ನು ಬಾಗಿಸಿ ಮಣ್ಣಿನಲ್ಲಿ ಹೂಳಿ, ಬೇರು ಬಿಟ್ಟ ಮೇಲೆ ಕತ್ತರಿಸಿಕೊಳ್ಳಿ. ಕಾಂಪೌಂಡಿನ ಮೇಲೆ ಬಿಳಿ, ನಸುಗೆಂಪು, ಕೆಂಪು ಗೊಂಚಲು ಒಟ್ಟಿಗೆ ತೂಗುವ ರಂಗೂನ್ ಕ್ರೀಪರಿಗೂ ಇದೇ ಮಾತು. ಸಂಜೆ ಬೆಳ್ಳಗೆ ಅರಳಿ ಮರುದಿನ ಗುಲಾಬಿಯಾಗಿ ಆಮೇಲೆ ಕೆಂಪಾಗುವ ಆ ಹೂವು ನಮ್ಮಲ್ಲಿ ಕಾಯಿ ಕಟ್ಟುವುದು ಕಡಿಮೆ. ಬುಡದಿಂದ ಏಳುವ ಮರಿಗಳನ್ನು ಕಿತ್ತು ನೆಟ್ಟರೆ ಸಾಕು.

ಹಾಗಾದರೆ ಬೀಜದಿಂದ ಬರುವ ಪರಿಮಳದ ಬಳ್ಳಿಗಳು ಇವೆಯೇ? ಇವೆ, ಮತ್ತು ನಮ್ಮ ಊರಿಗೆ ಒಗ್ಗುವಂಥವೇ ಇವೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಬೇಸಿಗೆಯಲ್ಲೂ ರಾತ್ರಿ ತಂಪಾಗುತ್ತದೆ, ಚಳಿಗಾಲದಲ್ಲೂ ಹಿಮ ಬೀಳುವುದಿಲ್ಲ. ಮಳೆಗಾಲದಲ್ಲಿ ಉಷ್ಣವಲಯದ ಬಳ್ಳಿ, ಚಳಿಗಾಲದಲ್ಲಿ ಶೀತದೇಶದ ಬಳ್ಳಿ, ಎರಡನ್ನೂ ಒಂದೇ ಗ್ರಿಲ್ಲಿನ ಮೇಲೆ ಬೆಳೆಯಬಹುದಾದ ಊರು ಇದು. ಈ ಅನುಕೂಲ ಚೆನ್ನೈಯವರಿಗೆ ಇಲ್ಲ.

ಜಾಗದ ಮಾತನ್ನೂ ಹೇಳಿಬಿಡುತ್ತೇನೆ. 1892ರಲ್ಲಿ ಚಾಮರಾಜಪೇಟೆ, 1898ರ ಪ್ಲೇಗಿನ ಹೊತ್ತಿನಲ್ಲಿ ಬಸವನಗುಡಿ, ಮಲ್ಲೇಶ್ವರ ರೂಪುಗೊಂಡಾಗ ಮನೆಯ ಸುತ್ತ ಗಾಳಿ ಬೆಳಕು ಆಡಬೇಕು ಎಂಬುದೇ ಮುಖ್ಯ ಯೋಚನೆಯಾಗಿತ್ತು. ಹಿಂದೆ ಹಿತ್ತಲು, ಮುಂದೆ ಅಂಗಳ, ಕಿಟಕಿಯ ಮೇಲೆ ಮರದ ಪಟ್ಟಿಗಳ ಮಂಕಿ ಟಾಪ್. ಬಳ್ಳಿ ಹಬ್ಬಲು ಹೇಳಿ ಮಾಡಿಸಿದ ಜಾಗ. ಈಗ ಅದೇ ನಿವೇಶನದಲ್ಲಿ ನಾಲ್ಕು ಮಹಡಿ ಎದ್ದಿದೆ, ಕಾಂಪೌಂಡಿಗೂ ಗೋಡೆಗೂ ನಡುವೆ ಮೂರಡಿ ಉಳಿದಿದೆ. ಆ ಮೂರಡಿಯೂ ಸಾಕು, ಬಾಲ್ಕನಿಯ ಗ್ರಿಲ್ಲೂ ಸಾಕು. ಬೇಕಾದದ್ದು ದಿನಕ್ಕೆ ನಾಲ್ಕೈದು ಗಂಟೆಯ ಬಿಸಿಲು. ಬೀಜ ಕೊಳ್ಳುವ ಮುಂಚೆ ಒಂದು ಭಾನುವಾರ ಮನೆಯಲ್ಲೇ ಇದ್ದು, ಬಿಸಿಲು ಎಲ್ಲಿ ಬಿದ್ದು ಎಲ್ಲಿಗೆ ಸರಿಯುತ್ತದೆ ಎಂದು ನೋಡಿಕೊಳ್ಳಿ. ದೊಡ್ಡ ಮಳೆಮರಗಳಿರುವ ರಸ್ತೆಯಲ್ಲಿ ಮನೆಯ ಮುಂಭಾಗಕ್ಕಿಂತ ತಾರಸಿಯೇ ಮೇಲು.

ಮೊದಲ ಬಳ್ಳಿಯಾಗಿ ನಾನು ಎಲ್ಲರಿಗೂ ಹೇಳುವುದು ಮೂನ್‌ಫ್ಲವರ್. ನರ್ಸರಿಯವರೂ ಇದನ್ನು ಹೀಗೆಯೇ ಕರೆಯುತ್ತಾರೆ. ನಾವು ತಿನ್ನುವ ಸಿಹಿಗೆಣಸಿನ ಕುಲಕ್ಕೇ ಸೇರಿದ್ದು, ಹುಟ್ಟೂರು ಅಮೆರಿಕದ ಉಷ್ಣವಲಯ. ಹೃದಯದ ಆಕಾರದ ಎಲೆ, ಅಂಗೈ ಅಗಲದ ಬಿಳಿ ಹೂವು. ಹೊತ್ತು ಮುಳುಗುವಾಗ ಸುರುಳಿ ಸುತ್ತಿಕೊಂಡಿದ್ದ ಮೊಗ್ಗು ಮೆಲ್ಲಗೆ ಅದುರಲು ಶುರುವಾಗುತ್ತದೆ, ನೋಡನೋಡುತ್ತಿದ್ದಂತೆ ಒಂದೆರಡು ನಿಮಿಷದಲ್ಲಿ ಬಿಚ್ಚಿಕೊಳ್ಳುತ್ತದೆ. ಹೂವು ಅರಳುವುದನ್ನು ಕಣ್ಣಾರೆ ನೋಡುವ ಅವಕಾಶ ಹೆಚ್ಚು ಗಿಡಗಳಲ್ಲಿ ಸಿಗುವುದಿಲ್ಲ. ಮನೆಯ ಮಕ್ಕಳನ್ನು ಕರೆದು ಕೂರಿಸಿಕೊಳ್ಳಿ. ರಾತ್ರಿಯೆಲ್ಲ ಪರಿಮಳ ಬೀರಿ ಬೆಳಗಿನ ಬಿಸಿಲು ಏರುವಷ್ಟರಲ್ಲಿ ಬಾಡುತ್ತದೆ.

ಈ ಬಳ್ಳಿಗೆ ಇನ್ನೊಂದು ಹಿರಿಮೆಯೂ ಇದೆ. ಮೆಕ್ಸಿಕೊ ಭಾಗದ ಪ್ರಾಚೀನ ಜನ ರಬ್ಬರ್ ಮರದ ಹಾಲಿಗೆ ಇದೇ ಬಳ್ಳಿಯ ರಸ ಬೆರೆಸಿ, ಪುಟಿಯುವ ಗಟ್ಟಿ ರಬ್ಬರ್ ಮಾಡಿಕೊಳ್ಳುತ್ತಿದ್ದರು. ಕ್ರಿಸ್ತಪೂರ್ವ 1600ರಷ್ಟು ಹಿಂದೆಯೇ ಅಂಥ ಚೆಂಡುಗಳು ಅಲ್ಲಿದ್ದವು. ಹೂವಿಗಾಗಿ ನಾವು ಹಚ್ಚುವ ಬಳ್ಳಿಯ ಕಾಂಡದಲ್ಲಿ ಅಷ್ಟೊಂದು ರಸಾಯನಶಾಸ್ತ್ರ ಅಡಗಿದೆ ಎಂಬುದು ನನಗೆ ಪ್ರತಿ ಸಲವೂ ಬೆರಗು ಹುಟ್ಟಿಸುತ್ತದೆ.

ಇದರ ಬೀಜ ಬಟಾಣಿಗಿಂತ ದೊಡ್ಡದು, ಸಿಪ್ಪೆ ಬಲು ಗಟ್ಟಿ. ಹಾಗೇ ಮಣ್ಣಿಗೆ ಹಾಕಿದರೆ ನೀರು ಒಳಗೆ ಇಳಿಯುವುದಿಲ್ಲ, ಬೀಜ ವಾರಗಟ್ಟಲೆ ಸುಮ್ಮನೆ ಬಿದ್ದಿರುತ್ತದೆ. ಹೊಸಬರು ಸೋಲುವುದು ಹೆಚ್ಚಾಗಿ ಇಲ್ಲೇ. ಬೀಜದಲ್ಲಿ ಒಂದು ಕಡೆ ಮಚ್ಚೆಯಂಥ ಗುರುತು ಇರುತ್ತದೆ, ಕಾಯಿಗೆ ಅಂಟಿಕೊಂಡಿದ್ದ ಜಾಗ ಅದು. ಅದನ್ನು ಮುಟ್ಟದೆ ಅದಕ್ಕೆ ಎದುರು ಭಾಗದಲ್ಲಿ, ಉಗುರು ತೀಡುವ ಫೈಲಿನಿಂದ ಅಥವಾ ಸ್ಯಾಂಡ್‌ಪೇಪರಿನಿಂದ ಒಳಗಿನ ತಿಳಿಬಣ್ಣ ಕಾಣುವಷ್ಟು ಮಾತ್ರ ಉಜ್ಜಿ. ಆಮೇಲೆ ಬೆಚ್ಚನೆ ನೀರಿನಲ್ಲಿ ರಾತ್ರಿ ನೆನೆಸಿ. ಬೆಳಿಗ್ಗೆ ನೆನೆದ ಅವರೆಕಾಳಿನ ಹಾಗೆ ಉಬ್ಬಿದ್ದರೆ ಬಿತ್ತನೆಗೆ ಸಿದ್ಧ. ಉಬ್ಬದೆ ಉಳಿದದ್ದನ್ನು ಎಸೆಯಬೇಡಿ, ಇನ್ನಷ್ಟು ಉಜ್ಜಿ ಮತ್ತೆ ನೆನೆಹಾಕಿ. ಉಬ್ಬಿದ್ದನ್ನು ನೀರಿನಲ್ಲೇ ಇನ್ನೊಂದು ದಿನ ಬಿಡಬೇಡಿ, ಉಸಿರುಗಟ್ಟಿ ಕೊಳೆಯುತ್ತದೆ.

ಮಣ್ಣಿಗೆ ದೊಡ್ಡ ಶಾಸ್ತ್ರ ಬೇಡ. ಕೆಮ್ಮಣ್ಣು, ಎರೆಹುಳು ಗೊಬ್ಬರ, ಜರಡಿ ಹಿಡಿದ ದಪ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ, ಮೂರೂ ಸಮಪಾಲು. ಬರೀ ಕೆಮ್ಮಣ್ಣು ಹಾಕಿದರೆ ನಾಲ್ಕು ಮಳೆಗೆ ಇಟ್ಟಿಗೆಯಾಗುತ್ತದೆ. ಬರೀ ನಾರಿನ ಪುಡಿ ಹಾಕಿದರೆ ಮೇಲೆ ಒಣಗಿದಂತೆ ಕಂಡರೂ ಒಳಗೆ ನೀರು ನಿಂತಿರುತ್ತದೆ. ಬೀಜದ ಗಾತ್ರದ ಎರಡರಷ್ಟು ಆಳಕ್ಕೆ ಊರಿ, ಮೆತ್ತಗೆ ಮುಚ್ಚಿ. ಬಳ್ಳಿಗಳ ಬೇರಿಗೆ ಕಿತ್ತು ನೆಡುವುದು ಇಷ್ಟವಿಲ್ಲ. ಆದ್ದರಿಂದ ಕೊನೆಯವರೆಗೂ ಇರುವ ಕುಂಡಕ್ಕೇ ನೇರವಾಗಿ ಬಿತ್ತಿ, ಇಲ್ಲವೇ ತಳ ತೂತು ಮಾಡಿದ ಕಾಗದದ ಲೋಟದಲ್ಲಿ ಬಿತ್ತಿ ಲೋಟದ ಸಮೇತ ಇಳಿಸಿ. ಒಂದು ಬಳ್ಳಿಗೆ ಹನ್ನೆರಡು ಅಂಗುಲ ಅಗಲದ ಕುಂಡ ಬೇಕೇ ಬೇಕು.

ಬಿತ್ತುವ ಕಾಲ ಮೇ ಕೊನೆಯಿಂದ ಜೂನ್, ಒಂದೆರಡು ಮಳೆ ಬಿದ್ದು ನೆಲದ ಕಾವು ಹದವಾದ ಮೇಲೆ. ಒಂದು ವಾರ, ಹತ್ತು ದಿನದಲ್ಲಿ ಮೊಳಕೆ ಕಾಣುತ್ತದೆ. ಮೊದಲು ಬರುವ ಎರಡು ಎಲೆಗಳು ನಡುವೆ ಆಳವಾಗಿ ಸೀಳಿಕೊಂಡಿರುತ್ತವೆ. ಹೃದಯದಾಕಾರ ಇಲ್ಲವಲ್ಲ, ಏನೋ ಕಳೆ ಬಂತು ಎಂದು ಕಿತ್ತುಹಾಕಿದವರನ್ನು ಕಂಡಿದ್ದೇನೆ. ಅವು ಬೀಜದೊಳಗೇ ಇದ್ದ ಎಲೆಗಳು. ನಿಜವಾದ ಎಲೆ ಅವುಗಳ ನಡುವಿನಿಂದ ಆಮೇಲೆ ಬರುತ್ತದೆ.

ಈ ಹಂತದ ದೊಡ್ಡ ಶತ್ರು ಬಸವನಹುಳು. ಆಫ್ರಿಕಾ ಮೂಲದ ದೊಡ್ಡ ಬಸವನಹುಳು ಬೆಂಗಳೂರಿನ ಮಳೆಗಾಲದಲ್ಲಿ ಒಂದೇ ರಾತ್ರಿಗೆ ಸಾಲು ಸಸಿಗಳನ್ನು ನುಣ್ಣಗೆ ಮಾಡಿಬಿಡುತ್ತದೆ. ಊಟವಾದ ಮೇಲೆ ಟಾರ್ಚ್ ಹಿಡಿದು ಹೋಗಿ, ಕೈಗವಸು ಹಾಕಿಕೊಂಡು ಆರಿಸಿ ಉಪ್ಪುನೀರಿನ ಬಕೆಟ್ಟಿಗೆ ಹಾಕುವುದೇ ನಂಬಬಹುದಾದ ದಾರಿ. ಬರಿಗೈಯಲ್ಲಿ ಮುಟ್ಟಬೇಡಿ, ಅದು ರೋಗ ಹರಡುವ ಹುಳುಗಳನ್ನು ಹೊತ್ತಿರಬಹುದು. ಸಸಿಗೆ ಐದಾರು ಎಲೆ ಬರುವ ತನಕ ತಳ ಕತ್ತರಿಸಿದ ನೀರಿನ ಬಾಟಲಿಯನ್ನು ಅದರ ಮೇಲೆ ಕವುಚಿಡಿ, ಮುಚ್ಚಳ ಮಾತ್ರ ತೆಗೆದಿರಿ.

ಕುಡಿ ಓಡಲು ಶುರು ಮಾಡಿದ ಮೇಲೆ ಆಸರೆ. ಬಳ್ಳಿಗಳೆಲ್ಲ ಒಂದೇ ರೀತಿ ಹತ್ತುವುದಿಲ್ಲ ಎಂಬುದನ್ನು ಇಲ್ಲಿ ಕಲಿತುಕೊಳ್ಳಬೇಕು. ಮೂನ್‌ಫ್ಲವರ್ ಇಡೀ ಕಾಂಡವನ್ನೇ ಸುತ್ತಿಕೊಂಡು ಏರುತ್ತದೆ, ಅದಕ್ಕೆ ಬೆರಳಿಗಿಂತ ತೆಳ್ಳಗಿನ ಹುರಿ ಬೇಕು. ಅಗಲವಾದ ಕಂಬ, ನುಣುಪಾದ ಪೈಪು ಕೊಟ್ಟರೆ ಜಾರುತ್ತದೆ. ಕುಂಡದಿಂದ ಮೇಲಿನ ಗ್ರಿಲ್ಲಿಗೆ ಸೆಣಬಿನ ಹುರಿ ಬಿಗಿಯಾಗಿ ಕಟ್ಟಿ. ಕುಡಿ ಯಾವ ದಿಕ್ಕಿಗೆ ಸುತ್ತುತ್ತಿದೆ ಎಂದು ನೋಡಿ ಅದೇ ದಿಕ್ಕಿಗೆ ಸಹಾಯ ಮಾಡಿ, ಎದುರು ದಿಕ್ಕಿಗೆ ಸುತ್ತಿದರೆ ಮಾರನೆಯ ದಿನ ಬಿಚ್ಚಿಕೊಂಡಿರುತ್ತದೆ. ಗೋಡೆಗೆ ಬೇರಿಳಿಸುವ ಜಾತಿಯಲ್ಲ ಇದು, ಮನೆಯೊಡೆಯರು ಹೆದರಬೇಕಾಗಿಲ್ಲ. ಸಗಣಿ ಗೊಬ್ಬರ, ಹಿಂಡಿ ಅತಿಯಾಗಿ ಹಾಕಬೇಡಿ. ಸೊಪ್ಪು ಬರುತ್ತದೆ, ಹೂವು ಬರುವುದಿಲ್ಲ. ಜೂನಿನಲ್ಲಿ ಬಿತ್ತಿದ್ದು ದಸರೆಯ ಆಸುಪಾಸಿಗೆ ಮೊಗ್ಗು ಹಿಡಿಯುತ್ತದೆ.

ಹೂವು ಶುರುವಾದ ಮೇಲೆ ಬಾಲ್ಕನಿಯ ದೀಪ ಆರಿಸಿ ಒಂದಷ್ಟು ಹೊತ್ತು ಕಾಯಿರಿ. ದಪ್ಪ ಮೈಯ, ಉದ್ದ ನಾಲಿಗೆಯ ಪತಂಗವೊಂದು ಹೂವಿನ ಮುಂದೆ ಗಾಳಿಯಲ್ಲೇ ನಿಂತು ಕೊಳವೆಯೊಳಕ್ಕೆ ನಾಲಿಗೆ ಚಾಚುವುದು ಕಾಣಬಹುದು. ಬಿಳಿ ಬಣ್ಣ, ರಾತ್ರಿಯ ಪರಿಮಳ, ಉದ್ದ ಕೊಳವೆ, ಮೂರೂ ಆ ಪತಂಗಕ್ಕಾಗಿಯೇ. ಮಲ್ಲಿಗೆ, ಜಾಜಿ, ರಂಗೂನ್ ಕ್ರೀಪರ್‌ಗಳು ಸಂಜೆ ಅರಳುವುದಕ್ಕೂ ಇದೇ ಜಾತಿಯ ಅತಿಥಿಗಳೇ ಕಾರಣ. ಮೂನ್‌ಫ್ಲವರಿನ ಎಲೆ ಮೇಯುವ, ಬಾಲದಲ್ಲಿ ಕೊಂಬಿರುವ ದಪ್ಪ ಹುಳುವೂ ಇಂಥ ಪತಂಗದ ಮರಿಯೇ ಆಗಿರುವ ಸಾಧ್ಯತೆ ಹೆಚ್ಚು. ಗೆಣಸಿನ ಜಾತಿಯ ಎಲೆಯ ಮೇಲೆ ಬೆಳೆಯುವ ಒಂದು ಬಗೆಯ ಪತಂಗ ನಮ್ಮಲ್ಲಿದೆ, ದೊಡ್ಡದಾದಾಗ ಅದೇ ಹೂವಿನ ಜೇನಿಗೆ ಬರುತ್ತದೆ. ಹುಳುವಿಗೆ ಔಷಧಿ ಹೊಡೆದು ಪತಂಗ ಬರಲಿಲ್ಲವೆಂದು ಕೊರಗುವುದರಲ್ಲಿ ಅರ್ಥವಿಲ್ಲ. ನಾಲ್ಕು ಎಲೆ ತಿಂದುಕೊಳ್ಳಲಿ ಬಿಡಿ.

ಒಂದು ಎಚ್ಚರಿಕೆಯನ್ನು ಗಟ್ಟಿಯಾಗಿ ಹೇಳಬೇಕು. ಇದು ಹೊರದೇಶದ ಬಳ್ಳಿ, ಬೀಜ ಚೆನ್ನಾಗಿ ಕಟ್ಟುತ್ತದೆ. ಒಣಗಿದ ಬಳ್ಳಿಯನ್ನು ರಾಜಕಾಲುವೆಗೆ, ಸ್ಯಾಂಕಿ ಕೆರೆಯಂಥ ಕೆರೆಗಳ ಅಂಚಿಗೆ ಎಸೆಯಬೇಡಿ. ನಮ್ಮ ಕೆರೆಗಳಿಗೆ ಹೊರಗಿನಿಂದ ಬಂದ ಕಳೆಗಳು ಈಗಾಗಲೇ ಸಾಕಷ್ಟಿವೆ.

ಮೂನ್‌ಫ್ಲವರ್ ಮೊಗ್ಗು ಹಿಡಿಯುವ ಹೊತ್ತಿಗೆ ಎರಡನೆಯ ಬಿತ್ತನೆಗೆ ಕಾಲ ಬಂದಿರುತ್ತದೆ: ಸ್ವೀಟ್ ಪೀ. ಬಟಾಣಿಯ ಹತ್ತಿರದ ನೆಂಟ, ಸಿಸಿಲಿ ಭಾಗದ ಹೂವು. 1699ರಲ್ಲಿ ಕುಪಾನಿ ಎಂಬ ಪಾದ್ರಿ ಸಿಸಿಲಿಯಿಂದ ಇಂಗ್ಲೆಂಡಿಗೆ ಕಳಿಸಿದ ಬೀಜದಿಂದ ಇದು ಲೋಕಕ್ಕೆಲ್ಲ ಹರಡಿತು. ಕಂಟೋನ್ಮೆಂಟಿನ ಬಂಗಲೆಗಳ ಚಳಿಗಾಲದ ತೋಟಗಳಿಂದ ಹೊರಟು ಇದು ಬೆಂಗಳೂರಿನ ಹಳೇ ಮನೆಗಳ ಅಂಗಳಕ್ಕೂ ಬಂತು. 1908ರಲ್ಲಿ ಲಾಲ್‌ಬಾಗಿಗೆ ಬಂದ ತೋಟಗಾರಿಕೆ ತಜ್ಞ ಕ್ರುಂಬಿಗಲ್ ಅವರು 1912ರಲ್ಲಿ ಮೈಸೂರು ಉದ್ಯಾನಕಲಾ ಸಂಘ ಕಟ್ಟಿದರು. ಊರಿನ ಮನೆಮನೆಗಳಲ್ಲಿ ಹೂಕುಂಡ ಸಾಕುವ ಅಭ್ಯಾಸ ಬೇರೂರಿದ್ದರಲ್ಲಿ ಅಂಥ ಕೆಲಸದ ಪಾಲು ದೊಡ್ಡದು. ಲಾಲ್‌ಬಾಗಿನ ಜನವರಿಯ ಫಲಪುಷ್ಪ ಪ್ರದರ್ಶನದ ದಿನಗಳು ಬರುವಾಗ ನಿಮ್ಮ ಮನೆಯ ಸ್ವೀಟ್ ಪೀ ಹೂವಿನಲ್ಲಿರಬೇಕು, ಲೆಕ್ಕ ಅಲ್ಲಿಂದ ಹಿಂದಕ್ಕೆ ಹಾಕಿ.

ಅಂದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರಿನಲ್ಲಿ ಬಿತ್ತನೆ. ಬೀಜವನ್ನು ಒಂದು ರಾತ್ರಿ ನೆನೆಸಿ, ಒಂದು ಅಂಗುಲ ಆಳಕ್ಕೆ ಊರಿ. ಬೆಂಗಳೂರಿನಲ್ಲಿ ಸೆಪ್ಟೆಂಬರ್, ಅಕ್ಟೋಬರಿನ ಮಳೆ ಜೋರು, ಸಸಿ ಏಳುವ ತನಕ ಕುಂಡವನ್ನು ಸಜ್ಜದ ಕೆಳಗಿಡಿ. ಎರಡು ಮೂರು ಜೊತೆ ಎಲೆ ಬಂದ ಮೇಲೆ ತುದಿಯನ್ನು ಉಗುರಿನಿಂದ ಚಿವುಟಿ, ಕವಲೊಡೆಯುತ್ತದೆ. ಬಸವನಗುಡಿಯಲ್ಲಿ ಕಾರ್ತಿಕದ ಕೊನೆಯ ಸೋಮವಾರ ಕಡಲೆಕಾಯಿ ಪರಿಷೆ ನಡೆಯುವ ಹೊತ್ತಿಗೆ ಬಳ್ಳಿ ಹುರಿ ಹಿಡಿದು ಮೇಲೇರುತ್ತಿರಬೇಕು. ಇದು ಕಾಂಡದಿಂದ ಸುತ್ತುವುದಿಲ್ಲ, ಎಲೆಯ ತುದಿಯ ಬಳ್ಳಿಕುಡಿಗಳಿಂದ ಹಿಡಿಯುತ್ತದೆ. ಆ ಕುಡಿಗೆ ದಪ್ಪ ಹುರಿಯೂ ಹೆಚ್ಚೇ. ಮೀನಿನ ಬಲೆ, ಒಣಗಿದ ಕವಲುಕಡ್ಡಿ ಅಥವಾ ತೆಳು ದಾರದ ಜಾಲರಿ ಚೆನ್ನ.

ಇಲ್ಲಿ ಒಂದು ಸೂಕ್ಷ್ಮವಿದೆ, ಬೀಜದ ಪೊಟ್ಟಣ ಆರಿಸುವಾಗ ಮುಖ್ಯವಾದದ್ದು. ಸ್ವೀಟ್ ಪೀ ಹಗಲಿನ ಉದ್ದವನ್ನು ನೋಡಿ ಹೂಬಿಡುವ ಗಿಡ. ಇಂಗ್ಲೆಂಡಿನಲ್ಲಿ ಬೇಸಿಗೆಯಲ್ಲಿ ಹೂಬಿಡುವ ತಳಿಗಳಿಗೆ ಹನ್ನೆರಡು ಗಂಟೆಯಷ್ಟು ಹಗಲು ಬೇಕು. ನಮ್ಮ ಡಿಸೆಂಬರಿನ ಹಗಲು ಹನ್ನೊಂದೂಕಾಲು ಗಂಟೆ ಚಿಲ್ಲರೆ. ಅಂಥ ತಳಿ ತಂದರೆ ಚಳಿಗಾಲವೆಲ್ಲ ಬರೀ ಎಲೆ ಬಿಟ್ಟುಕೊಂಡು, ಹಗಲು ಉದ್ದವಾಗಿ ಹೂವಿಗೆ ಮನಸ್ಸು ಮಾಡುವ ಮಾರ್ಚಿನಲ್ಲಿ ಬಿಸಿಲಿಗೆ ಒಣಗುತ್ತದೆ. ಪೊಟ್ಟಣದ ಮೇಲೆ ಚಳಿಗಾಲದಲ್ಲಿ ಹೂಬಿಡುವ ಬಗೆ ಎಂದಿರಬೇಕು. ಇಲ್ಲವಾದರೆ ರಾಯಲ್, ಮ್ಯಾಮತ್, ಕತ್ಬರ್ಟ್‌ಸನ್ ಎಂಬ ಬೇಗ ಹೂಬಿಡುವ ಸರಣಿಗಳನ್ನು ಕೇಳಿ. ಬರೀ ಬಣ್ಣದ ಚಿತ್ರ ನೋಡಿ ಆರಿಸಬೇಡಿ.

ಹೂವು ಬಿಡಲು ಶುರುವಾದ ಮೇಲೆ ದಿನವೂ ಕೊಯ್ಯಿರಿ. ಹೂವನ್ನು ಬಳ್ಳಿಯಲ್ಲೇ ಬಿಟ್ಟರೆ ಕಾಯಿ ಕಟ್ಟುತ್ತದೆ, ಕಾಯಿ ಕಟ್ಟಿದರೆ ತನ್ನ ಕೆಲಸ ಮುಗಿಯಿತೆಂದು ಬಳ್ಳಿ ಹೂವು ನಿಲ್ಲಿಸುತ್ತದೆ. ಹೆಚ್ಚು ಕೊಯ್ದಷ್ಟೂ ಹೆಚ್ಚು ಹೂವು. ಬೇರು ತಂಪಾಗಿರಲು ಕುಂಡದ ಮೇಲೆ ಒಣ ಎಲೆ ಹರಡಿ. ಕುಡಿಯಲ್ಲಿ ಹೇನು ಕಂಡರೆ ನೀರಿನ ರಭಸಕ್ಕೆ ತೊಳೆಯಿರಿ, ಬೇವಿನ ಎಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿ ಸಂಜೆ ಸಿಂಪಡಿಸಿ.

ಮತ್ತೆ, ಇದು ಬಟಾಣಿಯ ಹೆಸರಿನ ಹೂವೇ ಹೊರತು ಬಟಾಣಿ ಅಲ್ಲ. ಇದರ ಬೀಜ, ಕಾಯಿ ವಿಷ. ಸೊಗಡವರೆ ಸುಲಿಯುವ ಕಾಲದಲ್ಲೇ ಇದೂ ಕಾಯಿ ಬಿಡುವುದರಿಂದ ಮಕ್ಕಳು, ಹಿರಿಯರು ತಿಳಿಯದೆ ಬಾಯಿಗೆ ಹಾಕಿಕೊಳ್ಳಬಹುದು. ಮೂನ್‌ಫ್ಲವರಿನ ಬೀಜವನ್ನೂ ತಿನ್ನಬಾರದು.

ಇವೆರಡನ್ನೂ ಒಂದೇ ವರ್ಷದ ಬಳ್ಳಿಗಳಾಗಿ ಬೆಳೆಸಬಹುದು. ಇವುಗಳಲ್ಲಿ ಕೈ ಪಳಗಿದ ಮೇಲೆ, ತಾಳ್ಮೆಯುಳ್ಳವರಿಗೆ ಮಾಧವಿ. ನನ್ನ ಮನಸ್ಸು ಹೆಚ್ಚು ಒಲಿಯುವುದು ಇದಕ್ಕೇ, ಅದನ್ನು ಮುಚ್ಚಿಡುವುದಿಲ್ಲ. ನಮ್ಮದೇ ನೆಲದ ಬಳ್ಳಿ. ಮಾವಿನ ಮರಕ್ಕೆ ಹಬ್ಬಿದ ಮಾಧವಿಯನ್ನು ಸಂಸ್ಕೃತ ಕವಿಗಳೂ ಕನ್ನಡದ ಹಳೆಯ ಕವಿಗಳೂ ಮತ್ತೆ ಮತ್ತೆ ತಂದಿದ್ದಾರೆ, ಆದರೆ ಎದುರಿಗೆ ಬಂದರೆ ಗುರುತಿಸುವವರು ಕಡಿಮೆ. ಚಳಿ ಇಳಿಯುವ ಹೊತ್ತಿಗೆ ಬಿಳಿ ಗೊಂಚಲು. ಎಸಳಿನ ಅಂಚು ನವಿರಾಗಿ ಹರಿದು ಬಿಟ್ಟಂತಿರುತ್ತದೆ, ಐದರಲ್ಲಿ ಒಂದು ಎಸಳಿಗೆ ಹಳದಿ ಮಚ್ಚೆ. ಹತ್ತು ಕೇಸರಗಳಲ್ಲಿ ಒಂದು ಮಾತ್ರ ಎದ್ದು ಕಾಣುವಷ್ಟು ಉದ್ದ. ಈ ಮೂರು ಗುರುತು ನೆನಪಿಟ್ಟುಕೊಂಡರೆ ಬೇರೆ ಯಾವುದನ್ನೋ ಮಾಧವಿ ಎಂದು ಮಾರುವವರ ಮಾತಿಗೆ ಮರುಳಾಗುವುದಿಲ್ಲ.

ಕಾಯಿಗೆ ಮೂರು ರೆಕ್ಕೆ, ನಡುವಿನದು ಉದ್ದ. ಬೇಸಿಗೆಯಲ್ಲಿ ಒಣಗಿ ಬಳ್ಳಿಯಿಂದ ಬಿಟ್ಟುಕೊಂಡಾಗ ಗಿರಗಿರನೆ ತಿರುಗುತ್ತಾ ದೂರ ಹೋಗಿ ಬೀಳುತ್ತದೆ. ಮಳೆಗೆ ಮುಂಚೆ ಉದುರಿ, ಮಳೆಯೊಂದಿಗೆ ಮೊಳೆಯುವುದು ಅದರ ಕ್ರಮ. ನಾವೂ ಹಾಗೇ ಮಾಡಬೇಕು. ರೆಕ್ಕೆ ಕಂದುಬಣ್ಣಕ್ಕೆ ತಿರುಗಿ ತಾನಾಗಿ ಉದುರಿದ ಕಾಯನ್ನು ಆರಿಸಿ, ರೆಕ್ಕೆ ಕತ್ತರಿಸಿ, ಅದೇ ಋತುವಿನ ಮುಂಗಾರಿಗೆ ಬಿತ್ತಿ. ಬೀಜ ಉಜ್ಜುವ ಅಗತ್ಯವಿಲ್ಲ, ಹೊಸದಾಗಿರುವುದೇ ಮುಖ್ಯ. ಬೆರಳಲ್ಲಿ ಒತ್ತಿ ನೋಡಿ, ಒಳಗೆ ಗಟ್ಟಿಯಿರಬೇಕು. ಟೊಳ್ಳು ಬೀಜಗಳೂ ಬಹಳ ಇರುತ್ತವೆ, ಹಾಗಾಗಿ 1 ಸಸಿ ಬೇಕಿದ್ದರೆ 10 ಬೀಜ ಹಾಕಿ. ಮೊಳಕೆಗೆ ಕೆಲವು ವಾರ, ಹೂವಿಗೆ ಕೆಲವು ವರ್ಷ ಕಾಯಬೇಕು.

ಕುಂಡದ ಬಳ್ಳಿಯಲ್ಲ ಇದು. ಕಾಂಡ ಮರದಂತೆ ಗಟ್ಟಿಯಾಗುತ್ತದೆ, ಬಿಟ್ಟರೆ ದೊಡ್ಡ ಮರವನ್ನೇ ಮುಚ್ಚುತ್ತದೆ. ನೆಲದಲ್ಲಿ ನೆಟ್ಟು, ಕಬ್ಬಿಣದ ಗಟ್ಟಿ ಚಪ್ಪರ ಕೊಟ್ಟು, ಪ್ರತಿ ವರ್ಷ ಹೂವು ಮುಗಿದ ಮೇಲೆ ಕತ್ತರಿಸುತ್ತಾ ಇರಬೇಕು. ಮಾರಿಷಸ್, ರಿಯೂನಿಯನ್ ದ್ವೀಪಗಳಿಗೆ ಹೋದ ಇದೇ ಮಾಧವಿ ಅಲ್ಲಿಯ ಕಾಡನ್ನು ಉಸಿರುಗಟ್ಟಿಸಿ, ಜಗತ್ತಿನ ಅತಿ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಗೆ ಸೇರಿದೆ. ತನ್ನ ಊರಿನಲ್ಲಿ ಕವಿಗಳ ಬಳ್ಳಿ, ಪರ ಊರಿನಲ್ಲಿ ಪೀಡೆ. ಯಾವ ಬೀಜವನ್ನಾದರೂ ದೇಶ ದಾಟಿಸುವ ಮುನ್ನ ಇದನ್ನು ನೆನೆಯಬೇಕು. ವಿದೇಶದಲ್ಲಿರುವ ಮಕ್ಕಳಿಗೆ ಉಪ್ಪಿನಕಾಯಿ ಜೊತೆ ಬೀಜ ಕಟ್ಟಿ ಕಳಿಸುವ ಪ್ರೀತಿ ನನಗೆ ಅರ್ಥವಾಗುತ್ತದೆ, ಆದರೂ ಬೇಡ ಎನ್ನುತ್ತೇನೆ.

ಹಿತ್ತಲು ಉಳಿಸಿಕೊಂಡ ಭಾಗ್ಯವಂತರು ಮನೋರಂಜಿನಿಯನ್ನೂ ಬೀಜದಿಂದ ಬೆಳೆಸಬಹುದು. ಸೀತಾಫಲದ ಕುಟುಂಬದ್ದು. ಹೂವಿನ ತೊಟ್ಟೇ ಕೊಕ್ಕೆಯಾಗಿ ಬಾಗಿ ಆಸರೆಯನ್ನು ಹಿಡಿಯುತ್ತದೆ, ಬಳ್ಳಿಗಳಲ್ಲಿ ಇದು ಮೂರನೆಯ ಉಪಾಯ. ಹೂವು ಮೊದಲು ಎಲೆಯದೇ ಬಣ್ಣದಲ್ಲಿರುತ್ತದೆ, ಆಗ ವಾಸನೆಯಿಲ್ಲ. ಹಳದಿಗೆ ತಿರುಗಿದಾಗ ಮಾಗಿದ ಹಣ್ಣಿನ ಪರಿಮಳ ಇಡೀ ಅಂಗಳಕ್ಕೆ ಹರಡುತ್ತದೆ, ಕಣ್ಣಿಗಿಂತ ಮೂಗಿನಿಂದ ಹುಡುಕಬೇಕಾದ ಹೂವು. ಗೊಂಚಲಾಗಿ ಬಿಡುವ ಹಣ್ಣು ಹಳದಿಯಾದ ಮೇಲೆ ತಿರುಳು ತೊಳೆದು, ಬೀಜ ಒಣಗಲು ಬಿಡದೆ ಬಿತ್ತಿ. ತಿಂಗಳುಗಟ್ಟಲೆ ಮೊಳೆಯದಿದ್ದರೆ ಕುಂಡವನ್ನು ಬೇರೆ ಗಿಡಕ್ಕೆ ಬಳಸಿಬಿಡಬೇಡಿ, ತೇವ ಆರದಂತೆ ನೋಡಿಕೊಂಡು ಕಾಯಿರಿ. ಇದಕ್ಕೆ ಅರೆನೆರಳೂ ಆಗುತ್ತದೆ, ಎತ್ತರದ ಕಟ್ಟಡಗಳ ನಡುವೆ ಸಿಕ್ಕಿಕೊಂಡ ಹಳೇ ಮನೆಗಳಿಗೆ ಅದು ಅನುಕೂಲ.

ಬೀಜ ಎಲ್ಲಿಂದ ತರುವುದು? ಸ್ವೀಟ್ ಪೀ, ಮೂನ್‌ಫ್ಲವರ್ ಪೊಟ್ಟಣಗಳು ಬೀಜದಂಗಡಿಗಳಲ್ಲಿ ಸಿಗುತ್ತವೆ, ತಯಾರಾದ ತಿಂಗಳು ನೋಡಿ ಕೊಳ್ಳಿ. ಮಾಧವಿ, ಮನೋರಂಜಿನಿಗಳಿಗೆ ಅಂಗಡಿ ಬೇಡ. ನಿಮ್ಮ ಬಡಾವಣೆಯಲ್ಲೇ ಬಳ್ಳಿಯಿರುವ ಮನೆ ಹುಡುಕಿ, ಬಾಗಿಲು ತಟ್ಟಿ ಕೇಳಿ. ಈ ಬೀದಿಗಳಲ್ಲಿ ಹೂವಿನ ವಿಷಯ ತೆಗೆದರೆ ಇಲ್ಲವೆನ್ನುವವರು ಕಡಿಮೆ, ಕಾಫಿ ಕುಡಿಸದೆ ಕಳಿಸುವವರು ಇನ್ನೂ ಕಡಿಮೆ. ಸಸಿಯೇ ಬೇಕೆನ್ನುವವರಿಗೆ ಲಾಲ್‌ಬಾಗಿನಲ್ಲಿ ನರ್ಸರಿಯವರ ಸಹಕಾರ ಸಂಘದ ಮಳಿಗೆ ಇದೆ.

ಮುಂದಿನ ವರ್ಷದ ಬೀಜವನ್ನು ನೀವೇ ತೆಗೆದಿಟ್ಟುಕೊಳ್ಳಬಹುದು. ಮೂನ್‌ಫ್ಲವರಿನ ಕಾಯಿ ಕಂದಾಗಿ ಗರಿಗರಿಯಾದ ಮೇಲೆ ಕೊಯ್ದು ಬಿಡಿಸಿ. ಸ್ವೀಟ್ ಪೀ ಬಳ್ಳಿಯಲ್ಲಿ ಫೆಬ್ರವರಿಯ ಕೊನೆಗೆ ಹೂವು ಕೊಯ್ಯುವುದನ್ನು ನಿಲ್ಲಿಸಿ, ಪರಿಮಳ ಹೆಚ್ಚಿರುವ ಒಂದೆರಡು ಬಳ್ಳಿಗಳಲ್ಲಿ ಮಾತ್ರ ಕಾಯಿ ಬಲಿಯಲು ಬಿಡಿ. ಅದರ ಹೂವು ಅರಳುವ ಮೊದಲೇ ತನ್ನೊಳಗೇ ಪರಾಗ ಮುಟ್ಟಿಸಿಕೊಳ್ಳುವುದರಿಂದ ಪಕ್ಕದ ಬಣ್ಣ ಬೆರೆಯುವ ಭಯ ಹೆಚ್ಚಿಲ್ಲ. ಆದರೆ ಪೊಟ್ಟಣದ ಮೇಲೆ ಹೈಬ್ರಿಡ್ ಎಂದಿದ್ದರೆ ಮರಿಗಳು ತಾಯಿಯಂತೆ ಇರಲಾರವು. ಬೀಜವನ್ನು ನೆರಳಿನಲ್ಲಿ ಒಂದು ವಾರ ಒಣಗಿಸಿ. ಪ್ಲಾಸ್ಟಿಕ್ ಚೀಲದಲ್ಲಿ ಬೆವರಿ ಬೂಷ್ಟು ಹಿಡಿಯುತ್ತದೆ, ಕಾಗದದ ಲಕೋಟೆಗೆ ಹಾಕಿ ಗಾಳಿಯಾಡದ ಡಬ್ಬಿಯಲ್ಲಿ ಮುಚ್ಚಿಡಿ. ಲಕೋಟೆಯ ಮೇಲೆ ಬಳ್ಳಿಯ ಹೆಸರು, ಕೊಯ್ದ ತಿಂಗಳು, ಯಾರ ಮನೆಯದು ಎಂದು ಬರೆಯಿರಿ. ಸ್ವೀಟ್ ಪೀ, ಮೂನ್‌ಫ್ಲವರ್ ಲಕೋಟೆಗಳ ಮೇಲೆ ಕೆಂಪು ಶಾಯಿಯಲ್ಲಿ ‘ತಿನ್ನಬಾರದು’ ಎಂದು ಸೇರಿಸಿ, ಡಬ್ಬಿಯನ್ನು ಅಡುಗೆಮನೆಯ ಬೇಳೆಕಾಳಿನ ಸಾಲಿನಲ್ಲಿ ಮಾತ್ರ ಇಡಬೇಡಿ.